ಗಡಿ ದಾಟಿದರೆ ಬದಲಾಗುವ ಜಾತಿ, ಮತ ಬದಲಿಸಿದರೂ ಬದಲಾಗದ ಕೇರಿ

ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ನಾವು ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂವಿಧಾನದ 14ನೆಯ ವಿಧಿ ಹೇಳುವುದೂ ಅದನ್ನೇ. ಆದರೆ ಅದೇ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಮತಕ್ಕೆ ಒಂದು ಕಲಂ, ಜಾತಿಗೆ ಇನ್ನೊಂದು ಕಲಂ ಇರುತ್ತದೆ. ಮೊದಲನೆಯ ಕಲಮಿನಲ್ಲಿ ಬರೆದ ಒಂದು ಮಾತು ಎರಡನೆಯ ಕಲಮಿನಲ್ಲಿ ಬರೆದುದರ ಬೆಲೆಯನ್ನೇ ಕಳೆಯಬಲ್ಲುದೆಂಬುದು ಬಡವರ ಮನೆಯ ತಂದೆತಾಯಂದಿರಿಗೆ ತಿಳಿಯುವುದು ಬಹಳ ತಡವಾಗಿ. ಮಗಳು ಹತ್ತನೆಯ ತರಗತಿ ಮುಗಿಸಿ ಮುಂದಿನ ಕಾಲೇಜಿಗೆ ಅರ್ಜಿ ಹಾಕುವ ದಿನ ಸರಕಾರಿ ಕಚೇರಿಯ ಗುಮಾಸ್ತನು ಅದನ್ನು ತಿಳಿಸುತ್ತಾನೆ.

ಈ ಎರಡು ಕಲಮುಗಳ ಜಗಳ ಇಂದು ನಿನ್ನೆಯದಲ್ಲ. ಎಪ್ಪತ್ತು ವರ್ಷಗಳಿಗೂ ಮೀರಿದ ಈ ವ್ಯಾಜ್ಯವನ್ನು ಶಾಸನಸಭೆ, ಸಂಸತ್ತು, ಸುಪ್ರೀಂ ಕೋರ್ಟುಗಳ ಮುಂದೆ ಇರಿಸಿ ನಡೆಸುತ್ತಿರುವವರಲ್ಲಿ ನಮ್ಮ ದೇಶದ ಲುಥರನ್ ಸಭೆಗಳೂ ಸೇರಿವೆ. ಅದರ ಬಿಸಿ ಹೇಗಿರುತ್ತದೆಂದು ತಿಳಿಯಬೇಕಾದರೆ ಆಂಧ್ರಪ್ರದೇಶದ ಎರಡು ಕನ್ನಡ ಸೀಮೆಗಳಾದ ರಾಯದುರ್ಗ ಮತ್ತು ಮಡಕಶಿರಾಗಳ ಕಡೆಗೆ ನೋಡಬೇಕು. ಗಡಿನಾಡಿನ ಕನ್ನಡಿಗರಾದ ನಮಗೆ ಅಲ್ಲಿನ ಕಥೆ ಪರಕೀಯವೆನಿಸದು.

ನಮ್ಮಂತೆಯೇ ಗೆರೆಯ ಆಚೆಗೆ ಉಳಿದವರು

ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆ ಹಂಚಿಹೋಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದುವು. ಉಳಿದುವು ಮೈಸೂರಿಗೆ ಬಂದುವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಜೋಡಿಸಲಾಯಿತು. ಡಿ. ಹಿರೇಹಾಳ್, ಬೊಮ್ಮನಹಾಳ್ ಮುಂತಾದ ಮಂಡಲಗಳಲ್ಲಿ ಇಂದಿಗೂ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು.

ಮಡಕಶಿರಾದ ಕಥೆ ಇನ್ನೂ ಹಳೆಯದು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆಯನ್ನು ರಚಿಸಿದಾಗಲೇ ಅದು ಆ ಜಿಲ್ಲೆಯ ಪಾಲಾಯಿತು. ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರು ತಾಲೂಕುಗಳು ಅದರ ನೆರೆಯವು. ಮೂರು ಕಡೆಯಿಂದ ಕರ್ನಾಟಕ ಸುತ್ತುವರಿದಿದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಈಗಿನ ಹೇಮಾವತಿ, ಇರುವುದು ಇಲ್ಲಿನ ಅಮರಾಪುರ ಮಂಡಲದಲ್ಲಿ. ಅಗಳಿ, ರೊಳ್ಳ, ಗುಡಿಬಂಡೆ ಮಂಡಲಗಳಲ್ಲಿಯೂ ಕನ್ನಡದ ಬಳಕೆ ಧಾರಾಳ. 2022ರ ಏಪ್ರಿಲಿನಲ್ಲಿ ಆಂಧ್ರ ಸರಕಾರವು ಜಿಲ್ಲೆಗಳನ್ನು ಪುನರ್ವಿಂಗಡಿಸಿದಾಗ ಮಡಕಶಿರಾ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಒಂದೇ ಜಿಲ್ಲೆಯ ಆಸರೆಯಲ್ಲಿದ್ದ ಎರಡು ಕನ್ನಡ ತುಣುಕುಗಳು ಹೀಗೆ ಎರಡು ಕಲೆಕ್ಟರ್ ಕಚೇರಿಗಳ ಪಾಲಾದುವು.

ಕಾಸರಗೋಡಿನ ಪ್ರಶ್ನೆಯನ್ನು ಮಹಾಜನ ಆಯೋಗವು 1967ರಲ್ಲಿ ವಿಚಾರಿಸಿ ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಹೇಳಿತು. ಅದು ಕಡತದಲ್ಲಿಯೇ ಉಳಿಯಿತು. ರಾಯದುರ್ಗ ಮಡಕಶಿರಾಗಳಿಗೆ ಆ ಭಾಗ್ಯವೂ ಇಲ್ಲ. ಆ ಆಯೋಗದ ವಿಚಾರಣೆಯ ವ್ಯಾಪ್ತಿಯಲ್ಲಿ ಆಂಧ್ರದ ಗಡಿಯೇ ಇರಲಿಲ್ಲ.

ಒಂದೇ ಕುಲ, ಹಲವು ಪಟ್ಟಿ

ರಾಜ್ಯದ ಗಡಿ ಎಳೆದಾಗ ಭಾಷೆಗೆ ಏನಾಗುತ್ತದೆಂಬುದನ್ನು ನಾವು ಬಲ್ಲೆವು. ಜಾತಿಗೆ ಏನಾಗುತ್ತದೆಂಬುದನ್ನು ಅಷ್ಟಾಗಿ ಯೋಚಿಸಿಲ್ಲ.

ಪರಿಶಿಷ್ಟ ಜಾತಿಗಳ ಪಟ್ಟಿ ಸಂವಿಧಾನದ 341ನೆಯ ವಿಧಿಯಂತೆ, ಪರಿಶಿಷ್ಟ ಪಂಗಡಗಳ ಪಟ್ಟಿ 342ನೆಯ ವಿಧಿಯಂತೆ ಸಿದ್ಧವಾಗುತ್ತದೆ. ಎರಡೂ ಇಡೀ ದೇಶಕ್ಕೆ ಒಂದಾಗಿಲ್ಲ, ರಾಜ್ಯರಾಜ್ಯಕ್ಕೆ ಬೇರೆ. ಒಂದು ಉದಾಹರಣೆಯನ್ನು ನೋಡೋಣ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಜನರನ್ನು 1991ರ ಕಾನೂನಿನಿಂದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ರಾಯದುರ್ಗಕ್ಕೆ ತಾಗಿಕೊಂಡೇ ಇರುವ ಮೊಳಕಾಲ್ಮೂರು ಈಗ ಆ ಪಂಗಡಗಳಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಗಡಿಯ ಈಚೆಗೆ ರಾಯದುರ್ಗದಲ್ಲಿ ಅದೇ ಬಳಗದವರನ್ನು ಬೋಯರೆಂದು ಕರೆಯುತ್ತಾರೆ. ಅವರಿರುವುದು ಹಿಂದುಳಿದ ವರ್ಗಗಳ 'ಎ' ಗುಂಪಿನಲ್ಲಿ. ಆಂಧ್ರದಲ್ಲಿ ವಾಲ್ಮೀಕಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯುವುದು ದೂರದ ಏಜೆನ್ಸಿ ಕಾಡುಗಳಲ್ಲಿ ಮಾತ್ರ. ಬೀಗರು ಒಂದೇ, ದೇವರು ಒಂದೇ, ಮಾತು ಒಂದೇ. ಸರ್ಟಿಫಿಕೇಟು ಮಾತ್ರ ಬೇರೆ.

ಹೆಣ್ಣು ಕೊಟ್ಟು ತರುವ ಮನೆಗಳಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿ ಆ ಸ್ಥಾನವನ್ನು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆ ಆಂಧ್ರದಿಂದ ಮಹಾರಾಷ್ಟ್ರಕ್ಕೆ ಹೋದವರದು. ಮದುವೆಯಾಗಿ ಬಂದ ಹೆಣ್ಣಿಗೂ ಇದೇ ನಿಯಮವೆಂದು 2018ರಲ್ಲಿ ಮತ್ತೊಮ್ಮೆ ಹೇಳಿತು. ಮಡಕಶಿರಾದ ಮಾದಿಗರ ಹುಡುಗಿ ಶಿರಾದ ಮಾದಿಗರ ಮನೆಗೆ ಸೊಸೆಯಾಗಿ ಬಂದರೆ, ಎರಡು ರಾಜ್ಯಗಳ ಪಟ್ಟಿಯಲ್ಲಿಯೂ ಆ ಜಾತಿಯ ಹೆಸರಿದ್ದರೂ, ಕರ್ನಾಟಕದ ಸರಕಾರಿ ಉದ್ಯೋಗದಲ್ಲಿ ಅವಳಿಗೆ ಮೀಸಲಾತಿಯ ಹಕ್ಕಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ. ಕಾಸರಗೋಡು, ಹೊಸದುರ್ಗ ತಾಲೂಕುಗಳ ಮರಾಟಿಗರ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಯಿಂದ 2003ರಲ್ಲಿ ಹೊರಬಿದ್ದು 2013ರಲ್ಲಿ ಮರಳಿ ಸೇರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಹತ್ತು ವರ್ಷಗಳಲ್ಲಿ ಶಾಲೆ ಬಿಟ್ಟು ಹೊರಬಂದ ಮಕ್ಕಳಿಗೆ ಕಳೆದುಹೋದುದನ್ನು ಯಾವ ತಿದ್ದುಪಡಿಯೂ ತಂದುಕೊಡಲಿಲ್ಲ.

ಮೂರನೆಯ ಪರಿಚ್ಛೇದ

ಈಗ ಮತದ ಕಲಮಿಗೆ ಬರೋಣ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1950ರ ಆಗಸ್ಟ್ 10ರಂದು ಹೊರಡಿಸಿದ ಪರಿಶಿಷ್ಟ ಜಾತಿಗಳ ಆಜ್ಞೆಯ ಮೂರನೆಯ ಪರಿಚ್ಛೇದವು, ಹಿಂದೂ ಮತವಲ್ಲದೆ ಬೇರೆ ಮತವನ್ನು ಅನುಸರಿಸುವ ಯಾರನ್ನೂ ಪರಿಶಿಷ್ಟ ಜಾತಿಯವರೆಂದು ಭಾವಿಸತಕ್ಕದ್ದಲ್ಲವೆಂದು ಸಾರಿತು. ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗೆ ಮಾತ್ರ ಅಂದೇ ವಿನಾಯಿತಿ ಇತ್ತು. 1956ರಲ್ಲಿ ಸಂಸತ್ತು ಎಲ್ಲ ದಲಿತ ಸಿಖ್ಖರನ್ನು ಸೇರಿಸಿಕೊಂಡಿತು. 1990ರಲ್ಲಿ ಬೌದ್ಧರನ್ನೂ ಸೇರಿಸಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗುಳಿದರು. ಈ ವಿಚಾರಕ್ಕೆ ಬ್ರಿಟಿಷರ ಕಾಲದ ಬೇರೂ ಇದೆ: 1936ರ ಆಜ್ಞೆಯೇ ಭಾರತೀಯ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಲೆಕ್ಕದಿಂದ ಬಿಟ್ಟಿತ್ತು.

ರಾಯದುರ್ಗ ಮಡಕಶಿರಾಗಳ ಗಡಿಯ ಎರಡು ಬದಿಯಲ್ಲಿಯೂ ತಲೆತಲಾಂತರದಿಂದ ನೆಲೆಸಿದ ಒಂದೇ ವಂಶದ ಅಣ್ಣತಮ್ಮಂದಿರ ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಅಜ್ಜನ ಕಾಲದಲ್ಲಿ ಕೆಲವರು ಕ್ರೈಸ್ತರಾದರು, ಕೆಲವರು ಆಗಲಿಲ್ಲ. ಹಿಂದೂವಾಗಿಯೇ ಉಳಿದವರು ಎರಡು ಬದಿಯಲ್ಲಿಯೂ ಪರಿಶಿಷ್ಟ ಜಾತಿಯವರು. ಕ್ರೈಸ್ತನಾದವನ ಮಗ ಆಂಧ್ರದಲ್ಲಿ ಹಿಂದುಳಿದ ವರ್ಗದ 'ಸಿ' ಗುಂಪಿನವನು. ಆ ಗುಂಪಿಗೆ ಸಿಗುವುದು ನೂರಕ್ಕೆ 1. ಪಾವಗಡದಲ್ಲಿರುವ ಅವನ ದಾಯಾದಿ ಕರ್ನಾಟಕದ ಪ್ರವರ್ಗ 1ಕ್ಕೆ ಸೇರಿ, ಇತರ ಅನೇಕ ಜಾತಿಗಳೊಂದಿಗೆ ನೂರಕ್ಕೆ 4ರಲ್ಲಿ ಪಾಲು ಹುಡುಕಬೇಕು. ಅಂಥದೇ ಮೂಲದ ಕುಟುಂಬ ನಮ್ಮ ಕೇರಳದಲ್ಲಿದ್ದರೆ ಅದು 'ಪರಿಶಿಷ್ಟ ಜಾತಿಯಿಂದ ಪರಿವರ್ತಿತ ಕ್ರೈಸ್ತ' ವರ್ಗ. ಸರಕಾರಿ ಉದ್ಯೋಗದಲ್ಲಿ ನೂರಕ್ಕೆ 1. ಅವರಿಗಾಗಿ ಕೋಟ್ಟಯಂನಲ್ಲಿ 1980ರಿಂದ ಒಂದು ಅಭಿವೃದ್ಧಿ ನಿಗಮವೂ ಇದೆ.

ಊರಿನಲ್ಲಿ ಇವರ ಬದುಕು ಬೇರೆಯೆ? ಕೇರಿ ಅದೇ, ಕೂಲಿ ಅದೇ, ಶೇಂಗಾ ಹೊಲದಲ್ಲಿ ಬೀಳುವ ಬಿಸಿಲೂ ಅದೇ. ಜಾತಿ ಹಿಡಿದು ಬಯ್ಯುವವನು ಎದುರಿಗಿರುವವನು ಭಾನುವಾರ ಪ್ರಾರ್ಥನೆಗೆ ಎಲ್ಲಿಗೆ ಹೋಗುತ್ತಾನೆಂದು ಮೊದಲು ಕೇಳಿಕೊಂಡು ಬಯ್ಯುವುದಿಲ್ಲ. ಆದರೆ ಬಯ್ಸಿಕೊಂಡವನು ಠಾಣೆಗೆ ಹೋದಾಗ ಕಾನೂನು ಅದನ್ನು ಕೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಪರಿಶಿಷ್ಟರಿಗೆ ಮೀಸಲು. ಕ್ರೈಸ್ತಮತವನ್ನು ಸ್ವೀಕರಿಸಿ ಪಾದ್ರಿಯಾಗಿ ಕೆಲಸ ಮಾಡುತ್ತಿದ್ದವರೊಬ್ಬರು ಕೈಯಲ್ಲಿ ಜಾತಿ ಸರ್ಟಿಫಿಕೇಟು ಇದ್ದರೂ ಆ ಕಾಯ್ದೆಯ ಆಶ್ರಯ ಪಡೆಯುವಂತಿಲ್ಲವೆಂದು ಆಂಧ್ರದ ಹೈಕೋರ್ಟು 2025ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು.

ರಾಜಕೀಯದಲ್ಲಿಯೂ ಹಾಗೆಯೇ. ಮಡಕಶಿರಾ ವಿಧಾನಸಭಾ ಕ್ಷೇತ್ರವು 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿನ ಕೇರಿಯಲ್ಲಿಯೇ ಹುಟ್ಟಿ ಬೆಳೆದ ಕ್ರೈಸ್ತನು ಅಲ್ಲಿ ಮತ ಹಾಕಬಹುದು, ಅಭ್ಯರ್ಥಿಯಾಗಿ ನಿಲ್ಲಲಾರ.

ಎಲ್ಲಕ್ಕಿಂತ ದೊಡ್ಡ ನಷ್ಟ ಮಕ್ಕಳ ಮನಸ್ಸಿಗೆ ಆಗುವಂಥದು. ದೇವಾಲಯದ ರಿಜಿಸ್ಟರಿನಲ್ಲಿ ಒಂದು ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು; ಮನೆಯಲ್ಲಿ ಒಂದು ಮತ, ಅರ್ಜಿಯಲ್ಲಿ ಇನ್ನೊಂದು. ಸತ್ಯವನ್ನೇ ಹೇಳಬೇಕೆಂದು ಕಲಿಸುವ ಶಾಲೆಯಲ್ಲಿಯೇ, ಸತ್ಯ ಬರೆದರೆ ಸ್ಕಾಲರ್‌ಶಿಪ್ಪು ತಪ್ಪುತ್ತದೆಂದು ಮಗು ಕಲಿಯುತ್ತದೆ. ಮೀಸಲಾತಿಯ ಆಸೆಯಿಂದ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆಯೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಗದರಿಸಿತು. ಕೋರ್ಟಿನ ಮಾತು ಕಾನೂನಿಗೆ ಸರಿಯಾದುದೇ. ಆದರೆ ಹಸಿದವನು ಸುಳ್ಳು ಹೇಳಬೇಕಾಗಿ ಬರುವಂತೆ ಕಾನೂನನ್ನು ಬರೆದವರ ಹೊಣೆ ಎಷ್ಟೆಂಬುದು ಉಳಿದೇ ಇದೆ.

ಲುಥರನರು ಈ ದಾರಿಗೆ ಬಂದ ಬಗೆ

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ರಾಯದುರ್ಗ ಮಡಕಶಿರಾಗಳ ಸೀಮೆಯಲ್ಲಿ ಹಿಂದೆ ಕೆಲಸ ಮಾಡಿದ ಪ್ರಾಟೆಸ್ಟಂಟ್ ಮಿಶನ್ ಲುಥರನರದಲ್ಲ, ಲಂಡನ್ ಮಿಶನ್ನಿನದು. ಆ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಿಸಲು ತೊಡಗಿದವರು. ಆ ಮಿಶನ್ನಿನ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.ಯಲ್ಲಿ ಒಂದಾದುವು. ಲುಥರನರ ನೆಲೆ ಆಂಧ್ರದ ಕರಾವಳಿ. 1842ರ ಜುಲೈ 31ರಂದು ಅಮೆರಿಕದ ಲುಥರನ್ ಪಾದ್ರಿ ಜಾನ್ ಕ್ರಿಶ್ಚಿಯನ್ ಫ್ರೆಡ್ರಿಕ್ ಹೇಯರ್ ಗುಂಟೂರಿಗೆ ಬಂದರು. ಅವರ ಕೆಲಸ ಬೆಳೆದು 1927ರಲ್ಲಿ ಆಂಧ್ರ ಇವ್ಯಾಂಜೆಲಿಕಲ್ ಲುಥರನ್ ಸಭೆಯಾಯಿತು. ಅದರ ಸದಸ್ಯರಲ್ಲಿ ಬಹುತೇಕರು ಮಾಲ, ಮಾದಿಗ ಕುಟುಂಬಗಳಿಂದ ಬಂದವರು. ಗುಂಟೂರಿನ ಮಾಲರ ಮನೆಗೂ ಮಡಕಶಿರಾದ ಮಾಲರ ಮನೆಗೂ ಅನ್ವಯಿಸುವ ಕಾನೂನು ಒಂದೇ ಆದುದರಿಂದ, ಲುಥರನ್ ಸಭೆ ಹೈದರಾಬಾದಿನಲ್ಲಿಯೋ ದಿಲ್ಲಿಯಲ್ಲಿಯೋ ಕೊಟ್ಟ ಮನವಿ ಈ ಕನ್ನಡ ಸೀಮೆಯ ಬಡವನ ಮನವಿಯೂ ಆಯಿತು.

ಮತಸಭೆಗೆ ಶಾಸನದ ಗೊಡವೆ ಏಕೆಂದು ಕೇಳುವವರುಂಟು. ಲುಥರನರಿಗೆ ಇದು ಮೂಲಪುರುಷನಿಂದ ಬಂದ ಬಳುವಳಿ. ಮಾರ್ಟಿನ್ ಲೂಥರನು 1524ರಲ್ಲಿ ಜರ್ಮನಿಯ ಪಟ್ಟಣಗಳ ಆಡಳಿತ ಸಭೆಗಳಿಗೆ ಬಹಿರಂಗ ಪತ್ರ ಬರೆದು, ಕೋಟೆಗೂ ರಸ್ತೆಗೂ ಹಣ ಸುರಿಯುವ ನೀವು ಮಕ್ಕಳಿಗೆ ಶಾಲೆ ಕಟ್ಟಿಸಬೇಡವೆ ಎಂಬ ಅರ್ಥದಲ್ಲಿ ವಾದಿಸಿದನು. ಸರಕಾರದ ಖರ್ಚಿನಲ್ಲಿ ಶಾಲೆ ನಡೆಯಬೇಕೆಂಬ ಆ ಕೇಳಿಕೆ ಅಧ್ಯಾಪಕರಾದ ನಮಗೆ ತುಂಬ ಪ್ರಿಯವಾದುದು. ಆದರೆ ಮರುವರ್ಷವೇ, 1525ರಲ್ಲಿ, ಬಡ ರೈತರು ದಂಗೆ ಎದ್ದಾಗ ಅದೇ ಲೂಥರನು ಅರಸರ ಪಕ್ಷವನ್ನು ವಹಿಸಿದನೆಂಬುದನ್ನೂ ಮರೆಯುವಂತಿಲ್ಲ. ಅಧಿಕಾರದೊಡನೆ ಮಾತಾಡುವ ಸಭೆ ಯಾರ ಪರವಾಗಿ ಮಾತಾಡುತ್ತದೆಂಬ ಪ್ರಶ್ನೆ ಅಂದಿನಿಂದಲೂ ಅವರ ಬೆನ್ನ ಹಿಂದೆಯೇ ಇದೆ.

ಹೇಯರ್ ಬಂದ ಅಮೆರಿಕದಲ್ಲಿ ಲುಥರನರ ದೊಡ್ಡ ಸಭೆ 1988ರಲ್ಲಿ ಹಲವು ಸಭೆಗಳ ಐಕ್ಯದಿಂದ ರೂಪುಗೊಂಡಿತು. ಅದು ರಾಜಧಾನಿ ವಾಷಿಂಗ್ಟನಿನಲ್ಲಿ ಮಾತ್ರವಲ್ಲದೆ ಹಲವು ರಾಜ್ಯಗಳಲ್ಲಿಯೂ ಕಚೇರಿಗಳನ್ನು ತೆರೆದು ಹಸಿವು, ವಸತಿ, ವಲಸಿಗರ ಸ್ಥಿತಿ ಮುಂತಾದ ಮಸೂದೆಗಳ ಬಗ್ಗೆ ಶಾಸಕರ ಬಾಗಿಲು ತಟ್ಟುತ್ತದೆ. ರಾಜ್ಯಕ್ಕೆ ಬೇರೆ, ಕೇಂದ್ರಕ್ಕೆ ಬೇರೆ ಅರ್ಜಿ ಹಿಡಿದು ಹೋಗುವ ಕ್ರಮ ಅವರಲ್ಲಿ ಚೆನ್ನಾಗಿ ರೂಢಿಯಾಗಿದೆ.

ನಮ್ಮ ದೇಶದಲ್ಲಿ ಲುಥರನ್ ಸಭೆಗಳು 1926ರಲ್ಲಿ ಒಂದು ಒಕ್ಕೂಟವನ್ನು ಕಟ್ಟಿಕೊಂಡುವು. 1975ರಿಂದ ಅದು ಭಾರತದ ಐಕ್ಯ ಲುಥರನ್ ಸಭೆಯೆಂದು ಹೆಸರಾಯಿತು. ನಾಗಪುರದಲ್ಲಿ ಕೇಂದ್ರವುಳ್ಳ ಕ್ರೈಸ್ತ ಸಭೆಗಳ ರಾಷ್ಟ್ರೀಯ ಮಂಡಲಿಯಲ್ಲಿ ಲುಥರನರು, ಸಿ.ಎಸ್.ಐ.ಯವರು, ಇತರರು ಒಂದೇ ಚಾವಡಿಯಲ್ಲಿ ಕೂಡುತ್ತಾರೆ. ಕಥೊಲಿಕ ಬಿಷಪರ ಮಂಡಲಿಯೂ ಇವರೂ ಸೇರಿ ಅನೇಕ ವರ್ಷಗಳಿಂದ ಆಗಸ್ಟ್ 10ನ್ನು ಕರಾಳ ದಿನವೆಂದು ಆಚರಿಸುತ್ತಿದ್ದಾರೆ. ಚೆನ್ನೈಯ ಗುರುಕುಲ ಲುಥರನ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ದಲಿತರ ನೋವಿನಿಂದಲೇ ಹುಟ್ಟಬೇಕಾದ ದೇವತಾಶಾಸ್ತ್ರದ ವಿಚಾರವನ್ನು ಬೆಳೆಸಿದರು. 2009ರ ಮಾರ್ಚಿನಲ್ಲಿ ಜಾಗತಿಕ ಲುಥರನ್ ಒಕ್ಕೂಟವೂ ಜಾಗತಿಕ ಸಭೆಗಳ ಮಂಡಲಿಯೂ ಸೇರಿ ದಲಿತರ ನ್ಯಾಯಕ್ಕಾಗಿ ಬ್ಯಾಂಕಾಕಿನಲ್ಲಿ ಸಮ್ಮೇಳನ ನಡೆಸಿದುವು. ಕೇರಿಯ ಮಾತು ಹೀಗೆ ಕಡಲಾಚೆಗೂ ತಲುಪಿತು.

ರಾಜ್ಯ ಕೇಳಬಹುದು, ಕೊಡಬೇಕಾದುದು ಸಂಸತ್ತು

ರಾಜ್ಯ ಸರಕಾರಗಳು ತಮ್ಮ ಮಿತಿಯಲ್ಲಿ ಏನೂ ಮಾಡಲಿಲ್ಲವೆನ್ನುವಂತಿಲ್ಲ. ಆಂಧ್ರ ಸರಕಾರವು 1977ರ ಆಗಸ್ಟ್ 30ರ ಆದೇಶದ ಮೂಲಕ, ಕ್ರೈಸ್ತರಾದ ಪರಿಶಿಷ್ಟರಿಗೆ ಶಾಸನಬದ್ಧವಲ್ಲದ ಸವಲತ್ತುಗಳನ್ನು ವಿಸ್ತರಿಸಿತು. 2009ರ ಆಗಸ್ಟಿನಲ್ಲಿ, ವೈ.ಎಸ್. ರಾಜಶೇಖರ ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಅಲ್ಲಿನ ವಿಧಾನಸಭೆ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಬೇಕೆಂದು ಕೇಂದ್ರಕ್ಕೆ ನಿರ್ಣಯ ಕಳಿಸಿತು. 2023ರ ಮಾರ್ಚ್ 24ರಂದು ಅಂಥದೇ ಇನ್ನೊಂದು ನಿರ್ಣಯ ಅಂಗೀಕಾರವಾಯಿತು. ರಾಯಲಸೀಮೆಯ ಬೋಯ ವಾಲ್ಮೀಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ನಿರ್ಣಯವೂ ಅಂಗೀಕಾರವಾದುದು ಅದೇ ದಿನ. ಒಂದು ಮತದ ಗೆರೆಯಿಂದ ಹೊರಗುಳಿದವರ ಅರ್ಜಿ, ಇನ್ನೊಂದು ರಾಜ್ಯದ ಗೆರೆಯಿಂದ ಹೊರಗುಳಿದವರ ಅರ್ಜಿ. ರಾಯದುರ್ಗ ಮಡಕಶಿರಾಗಳ ಕೇರಿಗಳಿಗೆ ಆ ದಿನದ ಎರಡು ನಿರ್ಣಯಗಳೂ ಸಂಬಂಧಿಸಿದುವೇ.

ಆದರೆ ನಿರ್ಣಯ ಕಾನೂನಲ್ಲ. ಪಟ್ಟಿಯಲ್ಲಿ ಒಂದು ಅಕ್ಷರವನ್ನು ಸೇರಿಸಲು ಅಥವಾ ತೆಗೆಯಲು ಅಧಿಕಾರವಿರುವುದು ಸಂಸತ್ತಿಗೆ ಮಾತ್ರ. 1999ರಲ್ಲಿ ಕೇಂದ್ರವು ಗೊತ್ತುಪಡಿಸಿದ ಕ್ರಮದಂತೆ, ರಾಜ್ಯದ ಶಿಫಾರಸು ಮೊದಲು ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಬಳಿಗೆ, ಅಲ್ಲಿಂದ ರಾಷ್ಟ್ರೀಯ ಆಯೋಗದ ಬಳಿಗೆ, ಅಲ್ಲಿ ಒಪ್ಪಿಗೆಯಾದರೆ ಮಂತ್ರಿಮಂಡಲಕ್ಕೆ, ಕೊನೆಗೆ ಮಸೂದೆಯಾಗಿ ಸಂಸತ್ತಿಗೆ ಹೋಗಬೇಕು. ನಡುವೆ ಎಲ್ಲಿ ಕಡತ ನಿಂತರೂ ನಿಂತಂತೆಯೇ. ನಮ್ಮ ಮರಾಟಿಗರ ಹೆಸರು ಮರಳಿ ಬಂದುದೂ ಸಂಸತ್ತಿನ ಕಾನೂನಿನಿಂದಲೇ.

ಕೇಂದ್ರದಲ್ಲಿ ನಡೆದುದನ್ನು ಚಿಕ್ಕದಾಗಿ ಹೇಳಬಹುದು. 1985ರಲ್ಲಿ ಸೂಸೈ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮತಾಂತರದ ಬಳಿಕವೂ ಅಷ್ಟೇ ತೀವ್ರವಾದ ಸಾಮಾಜಿಕ ಅಡಚಣೆಗಳು ಮುಂದುವರಿದಿವೆಯೆಂಬುದಕ್ಕೆ ಸಾಕಷ್ಟು ಆಧಾರವನ್ನು ಒದಗಿಸಬೇಕೆಂದಿತು. 1996ರಲ್ಲಿ ಸಿದ್ಧವಾದ ಒಂದು ಮಸೂದೆ ಮಂಡನೆಯಾಗಲೇ ಇಲ್ಲ. 2004ರಲ್ಲಿ ಮೂರನೆಯ ಪರಿಚ್ಛೇದವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ದಾಖಲಾಯಿತು. ಸಭೆಗಳ ರಾಷ್ಟ್ರೀಯ ಮಂಡಲಿಯೂ ಅದೇ ನ್ಯಾಯವನ್ನು ಕೋರಿ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗವು 2007ರಲ್ಲಿ, ಪರಿಶಿಷ್ಟ ಜಾತಿಯ ಸ್ಥಾನವನ್ನು ಮತದಿಂದ ಬಿಡಿಸಿ ಮೂರನೆಯ ಪರಿಚ್ಛೇದವನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. ಆಯೋಗದ ಸದಸ್ಯ ಕಾರ್ಯದರ್ಶಿಗಳು ಇದಕ್ಕೆ ಭಿನ್ನಮತ ಬರೆದರು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಎರಡು ವರ್ಷಗಳ ಅವಧಿಯನ್ನು ಅನಂತರ ವಿಸ್ತರಿಸಲಾಯಿತು. ಹುಟ್ಟಿದ ಮಗು ಮುದುಕನಾಗುವಷ್ಟು ಕಾಲ ಕೇವಲ ವಿಚಾರಣೆಯಲ್ಲಿಯೇ ಸಂದುಹೋಗಿದೆ.

ಎದುರುವಾದವನ್ನೂ ಕೇಳಬೇಕು

ಈ ಬೇಡಿಕೆಯನ್ನು ವಿರೋಧಿಸುವವರೆಲ್ಲರೂ ದ್ವೇಷದಿಂದ ವಿರೋಧಿಸುವವರಲ್ಲ. ಮೊದಲನೆಯ ಆಕ್ಷೇಪ ಹಿಂದೂ ದಲಿತರದು. ಆಂಧ್ರದಲ್ಲಿ ಪರಿಶಿಷ್ಟ ಜಾತಿಗಳಿಗೆ ಇರುವುದು ನೂರಕ್ಕೆ 15. ಒಳಮೀಸಲಾತಿಗೆ ಅಡ್ಡ ಇಲ್ಲವೆಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ, 2025ರಲ್ಲಿ ಅದನ್ನು ರೆಲ್ಲಿ ಮುಂತಾದ ಜಾತಿಗಳಿಗೆ 1, ಮಾದಿಗರ ಗುಂಪಿಗೆ 6.5, ಮಾಲರ ಗುಂಪಿಗೆ 7.5 ಎಂದು ಹಂಚಲಾಯಿತು. ಮೂವತ್ತು ವರ್ಷ ಹೋರಾಡಿ ಪಡೆದ ತುತ್ತಿಗೆ ಹೊಸ ಕೈಗಳು ಬಂದರೆ ಹೇಗೆಂಬ ಮಾದಿಗ ತಾಯಿಯ ಆತಂಕ ನ್ಯಾಯವಾದುದೇ. ಸೇರುವವರೊಂದಿಗೆ ಅವರ ಪಾಲೂ ಸೇರಬೇಕು. ಒಬ್ಬ ಬಡವನ ತಟ್ಟೆಯಿಂದ ತೆಗೆದು ಇನ್ನೊಬ್ಬ ಬಡವನಿಗೆ ಬಡಿಸುವುದು ನ್ಯಾಯವಾಗದು. ಸಭೆಗಳ ಮನವಿಗಳಲ್ಲಿ ಈ ಮಾತು ಅಂಚಿನಲ್ಲಿರದೆ ಮೊದಲ ಸಾಲಿನಲ್ಲಿಯೇ ಬರಬೇಕೆಂದು ನಮ್ಮ ಅಭಿಪ್ರಾಯ.

ಎರಡನೆಯ ಆಕ್ಷೇಪ ಇನ್ನೂ ಚುಚ್ಚುವಂಥದು. ಕ್ರೈಸ್ತಮತದಲ್ಲಿ ಜಾತಿ ಇಲ್ಲವೆನ್ನುವವರು ಜಾತಿಯ ಹೆಸರಿನಲ್ಲಿ ಸವಲತ್ತು ಕೇಳುವುದೇಕೆ? ಇದಕ್ಕೆ ಸಭೆಗಳು ಕೊಡಬೇಕಾದ ಉತ್ತರ ತಪ್ಪೊಪ್ಪಿಗೆಯಿಂದಲೇ ಆರಂಭವಾಗಬೇಕು. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಯನ್ನು ಬಿಡಲೇಬೇಕೆಂದು ಆಜ್ಞೆ ಮಾಡಿದರು. ತಮಿಳು ನಾಡಿನಲ್ಲಿದ್ದ ಲೈಪ್‌ಜಿಗ್ ಲುಥರನ್ ಮಿಶನ್ ಆ ಮಾತಿನಲ್ಲಿ ಮೆತ್ತಗಿನ ನಿಲುವನ್ನು ತಾಳಿತು. ಕಥೊಲಿಕ ಬಿಷಪರ ಮಂಡಲಿಯು 2016ರ ಡಿಸೆಂಬರಿನಲ್ಲಿ ತನ್ನ ಸಭೆಯೊಳಗೆ ಅಸ್ಪೃಶ್ಯತೆ ಉಂಟೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಮತ ಬದಲಿಸಿದ ಮೇಲೂ ಜಾತಿ ಬೆನ್ನು ಬಿಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಯಾವುದು ಬೇಕು? ದಿಲ್ಲಿಗೆ ಮನವಿ ಕೊಡುವ ಸಭೆ ತನ್ನ ಸ್ಮಶಾನದಲ್ಲಿಯೂ ತನ್ನ ಶಾಲೆಯ ನೇಮಕಾತಿಯಲ್ಲಿಯೂ ಅದೇ ನ್ಯಾಯವನ್ನು ನಡೆಸಿ ತೋರಿಸಬೇಕು. ಆಗ ಮಾತ್ರ ಆ ಮನವಿಗೆ ತೂಕ ಬರುತ್ತದೆ.

ಸಿಖ್ ಮತವೂ ಬೌದ್ಧ ಮತವೂ ಜಾತಿಯನ್ನು ಒಪ್ಪುವುದಿಲ್ಲ. ಹಾಗಿದ್ದೂ ಕಾನೂನು ಅವರ ನೋವನ್ನು ಗುರುತಿಸಿತು. ಮತದ ಗ್ರಂಥದಲ್ಲಿ ಏನಿದೆಯೆಂದು ನೋಡದೆ ಊರಿನಲ್ಲಿ ಏನು ನಡೆಯುತ್ತದೆಂದು ನೋಡಿದುದು ಸಂಸತ್ತಿನ ವಿವೇಕ. ಅದೇ ಅಳತೆಗೋಲಿನಿಂದ ಉಳಿದವರನ್ನೂ ಅಳೆಯಬೇಕೆಂದು ಕೇಳುವುದರಲ್ಲಿ ಅತಿಯಾಸೆ ಏನಿಲ್ಲ.

ನಮಗೆ ಇದರಲ್ಲಿರುವ ಪಾಠ

ಕಾಸರಗೋಡಿನ ಕನ್ನಡ ಮನೆಗಳಿಗೆ ಲುಥರನ್ ಎಂಬ ಹೆಸರು ದೂರದ್ದೆನಿಸಬಹುದು. ಆದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಲುಥರನರೂ ರಿಫಾರ್ಮ್ಡ್ ಪಂಥದವರೂ ಕೂಡಿ ಕಟ್ಟಿದುದು. 1843ರ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲರೂ ಆ ಮಿಶನ್ನಿನವರೇ. ನಾವು ಈಗ ಓದುತ್ತಿರುವ ಕನ್ನಡ ಪತ್ರಿಕೆಯ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರ ಶಿಕ್ಷಣಸಂಸ್ಥೆಗಳ ಹಕ್ಕನ್ನು ಹೇಳುವಾಗ ಮತದ ಅಲ್ಪಸಂಖ್ಯಾತರನ್ನೂ ಭಾಷೆಯ ಅಲ್ಪಸಂಖ್ಯಾತರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದೆ. ಆ ನೆರೆಹೊರೆತನ ಕಾಗದದಲ್ಲಿಯೇ ಉಳಿಯಬಾರದು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದರು. ಅಂದು ನಾವು ಕೇಳಿದುದೇನು? ಗೆರೆ ಎಳೆದವರು ಬೇರೆ. ಆ ಗೆರೆಯಿಂದಾಗಿ ನಮ್ಮ ಮಕ್ಕಳು ಕಳೆದುಕೊಳ್ಳಬಾರದು ಎಂಬುದನ್ನೇ ಅಲ್ಲವೆ? ರಾಯದುರ್ಗದ ಬೋಯನೂ ಮಡಕಶಿರಾದ ದಲಿತ ಕ್ರೈಸ್ತನೂ ಕೇಳುತ್ತಿರುವುದು ಅದೇ ಮಾತನ್ನು. ಕನ್ನಡವನ್ನು ಉಳಿಸಬೇಕೆನ್ನುವ ನಾವು ಕನ್ನಡ ಮಾತಾಡುವ ಕೇರಿಯ ಸರ್ಟಿಫಿಕೇಟಿನ ಬಗ್ಗೆ ಮೌನವಾಗಿದ್ದರೆ, ನಮ್ಮ ಅಭಿಮಾನ ಮೇಲಿನ ಬೀದಿಯಲ್ಲಿಯೇ ನಿಂತಂತಾಗುತ್ತದೆ.

ಲುಥರನರಿಂದಲೂ ಅವರ ಜತೆಗಾರರಿಂದಲೂ ಕಲಿಯಬೇಕಾದ ಕೆಲಸದ ರೀತಿಯೂ ಉಂಟು. ರಾಜ್ಯದ ಅಧಿಕಾರವೆಷ್ಟು, ಕೇಂದ್ರದ ಅಧಿಕಾರವೆಷ್ಟು ಎಂದು ತಿಳಿದು ಸರಿಯಾದ ಬಾಗಿಲನ್ನು ತಟ್ಟುವುದು. ಒಂದು ಸರಕಾರ ಹೋಗಿ ಇನ್ನೊಂದು ಬಂದರೂ ಅದೇ ಅರ್ಜಿಯನ್ನು ಕೈಬಿಡದಿರುವುದು. ಪಂಥಗಳ ಭೇದ ಮರೆತು ಒಂದೇ ಕಾಗದಕ್ಕೆ ಸಹಿ ಹಾಕುವುದು. ಭಾಷಾ ಅಲ್ಪಸಂಖ್ಯಾತರಿಗಾಗಿ 350ಬಿ ವಿಧಿಯಲ್ಲಿ ಪ್ರತ್ಯೇಕ ಕಮಿಷನರ ಹುದ್ದೆಯೇ ಇದೆ. ಕಾಸರಗೋಡು, ರಾಯದುರ್ಗ, ಮಡಕಶಿರಾ, ಆದೋನಿಗಳ ಕನ್ನಡಿಗರು ಕೂಡಿ, ಗಡಿಯ ಎರಡು ಬದಿಯ ಪಟ್ಟಿಗಳನ್ನು ಎದುರುಬದುರಾಗಿ ಇಟ್ಟು ತೋರಿಸುವ ಒಂದು ಮನವಿಯನ್ನು ಸಿದ್ಧಪಡಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮತವನ್ನು ಮನುಷ್ಯನು ಆರಿಸಿಕೊಳ್ಳುತ್ತಾನೆ. ಅದು ಅವನ ಹಕ್ಕು. ಹುಟ್ಟಿದ ಕೇರಿಯನ್ನೂ ತನ್ನ ಊರಿನ ಮೇಲೆ ಎಳೆದ ಗಡಿಯನ್ನೂ ಅವನು ಆರಿಸಿಕೊಂಡುದಲ್ಲ. ಆರಿಸಿಕೊಂಡುದಕ್ಕೆ ದಂಡ ತೆರಿಸುವುದೂ, ಆರಿಸಿಕೊಳ್ಳದೆ ಬಂದ ಕಷ್ಟವನ್ನು ಇಲ್ಲವೆನ್ನುವುದೂ ನ್ಯಾಯಕ್ಕೆ ಹೊಂದದು. ಇಷ್ಟನ್ನು ಶಾಸನದ ಪುಸ್ತಕದಲ್ಲಿ ಬರೆಯಿಸುವವರೆಗೆ ನಮ್ಮ ರಿಜಿಸ್ಟರಿನ ಎರಡು ಕಲಮುಗಳ ಜಗಳ ತೀರುವಂತಿಲ್ಲ.